ಟರ್ಬೊ ಎಂಜಿನ್ ಮತ್ತು ಎನ್‌ಎ ಎಂಜಿನ್: ಬೆಂಗಳೂರಿನ ಎತ್ತರದಲ್ಲಿ ಆಯ್ಕೆ

ಕಾರಿನ ಎಂಜಿನ್ನು ಗಾಳಿ ತೆಗೆದುಕೊಳ್ಳುವ ಬಗೆ ಎರಡು. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಆಗುವ ತೆರವನ್ನು ಹೊರಗಿನ ವಾತಾವರಣದ ಒತ್ತಡವೇ ತುಂಬುವುದು ಒಂದು. ಇದು ನ್ಯಾಚುರಲಿ ಆಸ್ಪಿರೇಟೆಡ್ ಎಂಜಿನ್, ಗ್ಯಾರೇಜಿನ ಮಾತಿನಲ್ಲಿ ಬರೀ ‘ಎನ್‌ಎ’. ಹೊರಹೋಗುವ ಬಿಸಿ ಹೊಗೆಯ ರಭಸದಿಂದ ಟರ್ಬೈನ್ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಕಂಪ್ರೆಸರಿನಿಂದ ಗಾಳಿಯನ್ನು ಒತ್ತಿ ತುಂಬುವುದು ಇನ್ನೊಂದು. ಇದು ಟರ್ಬೊಚಾರ್ಜ್ಡ್ ಎಂಜಿನ್. ಹೊಸ ಕಾರು ಕೊಳ್ಳುವವರು, ಇರುವ ಎಂಜಿನ್ ಬಿಚ್ಚಿ ಹೆಚ್ಚು ಶಕ್ತಿಗೆ ಕಟ್ಟಿಸುವವರು, ರ‍್ಯಾಲಿಗೆ ಇಳಿಯುವವರು ಎಲ್ಲರೂ ಒಂದಲ್ಲ ಒಂದು ದಿನ ಈ ಎರಡರ ನಡುವೆ ಆರಿಸಬೇಕು. ಚರ್ಚೆ ಸಾಮಾನ್ಯವಾಗಿ ಅಶ್ವಶಕ್ತಿ, ಖರ್ಚು, ಮೈಲೇಜುಗಳ ಸುತ್ತ ನಡೆಯುತ್ತದೆ. ಬೆಂಗಳೂರಿನವರು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಕಾರು ಓಡುವುದು ಎಷ್ಟು ಎತ್ತರದಲ್ಲಿ?

ಎತ್ತರದ ಲೆಕ್ಕ

ಯಲಹಂಕದ ಪಕ್ಕದ ಪುಟ್ಟೇನಹಳ್ಳಿ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. (ಜೆ.ಪಿ. ನಗರದ ಕಡೆ ಇದೇ ಹೆಸರಿನ ಇನ್ನೊಂದು ಊರು, ಅಲ್ಲೂ ಒಂದು ಕೆರೆ ಇದೆ. ಇಲ್ಲಿ ಹೇಳುತ್ತಿರುವುದು ಹಕ್ಕಿಗಳಿಗೆ ಹೆಸರಾದ ಕೆರೆಯಿರುವ ಉತ್ತರದ ಪುಟ್ಟೇನಹಳ್ಳಿ.) ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಇಲ್ಲಿ ಅದು 91ರ ಆಸುಪಾಸು. ಇಲ್ಲಿಂದ ಬಳ್ಳಾರಿ ರಸ್ತೆ ಹಿಡಿದು 1,478 ಮೀಟರ್ ಎತ್ತರದ ನಂದಿ ಬೆಟ್ಟ ಹತ್ತಿದರೆ ಸುಮಾರು 85ಕ್ಕೆ ಇಳಿಯುತ್ತದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 80.

ಎನ್‌ಎ ಎಂಜಿನ್ನಿಗೆ ಈ ಅಂಕಿಗಳು ನೇರವಾಗಿ ತಟ್ಟುತ್ತವೆ. ಗಾಳಿ ನೂರಕ್ಕೆ ಹತ್ತು ಕಡಿಮೆಯಾದರೆ ಉರಿಸಬಹುದಾದ ಪೆಟ್ರೋಲೂ ಅಷ್ಟೇ ಕಡಿಮೆ, ಶಕ್ತಿಯೂ ಅಷ್ಟೇ ಕಡಿಮೆ. ಎಂಜಿನ್ನಿನ ಒಳಗಿನ ಘರ್ಷಣೆ ಮಾತ್ರ ಎಲ್ಲಿ ಹೋದರೂ ಅಷ್ಟೇ ಇರುವುದರಿಂದ ಚಕ್ರಕ್ಕೆ ತಲುಪುವ ನಷ್ಟ ಹತ್ತಕ್ಕಿಂತ ಸ್ವಲ್ಪ ಹೆಚ್ಚೇ. ಮಂಗಳೂರಿನಲ್ಲಿ 100 ಅಶ್ವಶಕ್ತಿ ಕೊಡುವ ಎನ್‌ಎ ಎಂಜಿನ್ ಪುಟ್ಟೇನಹಳ್ಳಿಯಲ್ಲಿ ಕೊಡುವುದು 90ರ ಒಳಗೆ, ನಂದಿಯಲ್ಲಿ 84ರ ಒಳಗೆ. ಕಾಗದದ ಮೇಲೆ ಕಂಪನಿ ಅಚ್ಚು ಹಾಕಿಸಿದ ಸಂಖ್ಯೆಯನ್ನು ಬೆಂಗಳೂರಿನ ಎನ್‌ಎ ಕಾರು ತನ್ನ ಊರಿನಲ್ಲಿ ಒಂದು ದಿನವೂ ಮುಟ್ಟುವುದಿಲ್ಲ.

ಕಾರ್ಖಾನೆಯಿಂದಲೇ ಟರ್ಬೊ ಇಟ್ಟುಕೊಂಡು ಬಂದ ಕಾರು ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಅದರ ಕಂಪ್ಯೂಟರು ಇನ್‌ಟೇಕ್ ಮ್ಯಾನಿಫೋಲ್ಡಿನ ಪೂರ್ಣ ಒತ್ತಡವನ್ನು ಅಳೆಯುತ್ತದೆ. ಹೊರಗಿನ ಗಾಳಿ ತೆಳುವಾದರೆ, ಹೊಗೆಯನ್ನು ಟರ್ಬೈನಿಗೆ ತಾಗಿಸದೆ ಹೊರಬಿಡುವ ವೇಸ್ಟ್‌ಗೇಟನ್ನು ತಡವಾಗಿ ತೆರೆದು ಟರ್ಬೈನನ್ನು ಇನ್ನಷ್ಟು ವೇಗವಾಗಿ ತಿರುಗಿಸುತ್ತದೆ. 2020ರಲ್ಲಿ ಬಂದ ಐದನೇ ಪೀಳಿಗೆಯ ಹೋಂಡಾ ಸಿಟಿಯ 1.5 ಲೀಟರ್ ಎನ್‌ಎ ಎಂಜಿನ್ 6,600 ಸುತ್ತಿನಲ್ಲಿ 121 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ), 145 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಫೋಕ್ಸ್‌ವ್ಯಾಗನ್ ವರ್ಟಸ್‌ನ 1 ಲೀಟರ್ ಟರ್ಬೊ 115 ಪಿಎಸ್, 178 ನ್ಯೂಟನ್ ಮೀಟರ್. ಕಡಲ ತೀರದಲ್ಲಿ ಸಿಟಿಯದೇ ಮೇಲುಗೈ. ಯಲಹಂಕದಲ್ಲಿ ಸಿಟಿ ಸುಮಾರು 108ಕ್ಕೆ ಇಳಿಯುತ್ತದೆ, ವರ್ಟಸ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಸಾಲದ್ದಕ್ಕೆ ವರ್ಟಸ್‌ನ ಟಾರ್ಕು 1,750 ಸುತ್ತಿಗೇ ಪೂರ್ತಿ ಸಿಗುತ್ತದೆ. ಸಿಟಿಯದಕ್ಕೆ 4,300 ಸುತ್ತು ಬೇಕು. ಹೆಬ್ಬಾಳದ ವಾಹನ ದಟ್ಟಣೆಯಲ್ಲಿ ಎರಡನೇ ಗೇರಿನಲ್ಲಿ ತೆವಳುವವರಿಗೆ 6,600 ಸುತ್ತು ಎಂಬುದು ಕೇಳಿ ಗೊತ್ತಿರುವ ಸಂಗತಿ ಅಷ್ಟೇ.

ಹಿನ್ನೆಲೆ

ಟರ್ಬೊ ಎತ್ತರಕ್ಕಾಗಿಯೇ ಬೆಳೆದ ಯಂತ್ರ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ. ಅದನ್ನು ಗಟ್ಟಿಯಾಗಿ ಸಾಬೀತು ಮಾಡಿದವನು ಅಮೆರಿಕದ ಸ್ಯಾನ್‌ಫರ್ಡ್ ಮಾಸ್. 1918ರಲ್ಲಿ ಅವನು ಲಿಬರ್ಟಿ ವಿಮಾನ ಎಂಜಿನ್ನೊಂದನ್ನು ಲಾರಿಗೆ ಹೇರಿ ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಅಂದರೆ ಸುಮಾರು 4,300 ಮೀಟರ್ ಎತ್ತರಕ್ಕೆ ಒಯ್ದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದಾಗ 356.

ಎರಡನೇ ಮಹಾಯುದ್ಧದಲ್ಲಿ ಈ ತಂತ್ರ ಬೆಂಗಳೂರಿಗೂ ಬಂತು. ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆ ಅಮೆರಿಕನ್ ವಾಯುಪಡೆಯ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಬಿ-24 ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದರು. ಆ ಗುಜರಿಯಲ್ಲಿ ಆಯ್ದವುಗಳನ್ನು ಎಚ್‌ಎಎಲ್‌ನ ಪೈಲಟ್ ಜಿಮ್ಮಿ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದ. ಇಲ್ಲಿನ ಕೆಲಸಗಾರರು ಸುಮಾರು 40 ವಿಮಾನಗಳಿಗೆ ಮರುಜೀವ ಕೊಟ್ಟರು. 1948ರ ನವೆಂಬರಿನಲ್ಲಿ ಅವುಗಳಿಂದಲೇ ವಾಯುಪಡೆಯ ಐದನೇ ಸ್ಕ್ವಾಡ್ರನ್ ರೂಪುಗೊಂಡಿತು, ಕೊನೆಯವು 1968ರವರೆಗೆ ಸೇವೆಯಲ್ಲಿದ್ದವು. ಲಿಬರೇಟರಿನ ನಾಲ್ಕು ಎಂಜಿನ್ನುಗಳಿಗೂ ಒಂದೊಂದು ಜನರಲ್ ಎಲೆಕ್ಟ್ರಿಕ್ ಟರ್ಬೊ ಇತ್ತು. ಟರ್ಬೊ ಬಿಚ್ಚಿ ಕಟ್ಟುವ ಕೈಗಳು ಈ ನಗರದಲ್ಲಿ ಮಾರುತಿ ಕಾರು ಹುಟ್ಟುವುದಕ್ಕೆ ಮೂರು ದಶಕಗಳಿಗೂ ಮೊದಲೇ ಇದ್ದವು ಎಂಬುದು ಇಂದಿನ ಟ್ಯೂನರ್‌ಗಳ ನೆನಪಿನಲ್ಲಿ ಇರಲಿಕ್ಕಿಲ್ಲ.

ರಸ್ತೆಯ ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೇರ್ ಮೊನ್ಜಾಗಳ ಮೂಲಕ. ಫಾರ್ಮುಲಾ 1ಕ್ಕೆ ರೆನೊ 1977ರಲ್ಲಿ ತಂದಿತು, 1979ರಲ್ಲಿ ಡಿಜೋನ್‌ನಲ್ಲಿ ಗೆದ್ದಿತು. 1989ರಿಂದ ಅಲ್ಲಿ ಟರ್ಬೊ ನಿಷಿದ್ಧ, 2014ರಿಂದ ಕಡ್ಡಾಯ. ಭಾರತದಲ್ಲಿ ಟರ್ಬೊ ಪೆಟ್ರೋಲ್ ಕಾರಿನ ಹುಚ್ಚು ಹತ್ತಿಸಿದ್ದು 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್: 1.8 ಲೀಟರ್, 150 ಅಶ್ವಶಕ್ತಿ. 2013ರಲ್ಲಿ ಫೋರ್ಡ್ ಎಕೋಸ್ಪೋರ್ಟ್‌ನ 1 ಲೀಟರ್ ಮತ್ತು ಪೋಲೊ ಜಿಟಿಯ 1.2 ಲೀಟರ್ ಬಂದ ಮೇಲೆ ಅದು ಮಧ್ಯಮ ವರ್ಗದ ಕೈಗೆಟುಕಿತು. ಟಾಟಾ, ಹ್ಯುಂಡೈ, ಮಾರುತಿ ಎಲ್ಲವೂ ಅದೇ ದಾರಿ ಹಿಡಿದವು.

ಕ್ವಾಲಿಸ್‌ನಿಂದ ಇನ್ನೋವಾಗೆ

ಎರಡು ಬಗೆಯ ಅಂತರವನ್ನು ಕರ್ನಾಟಕದ ಜನ ತಿಳಿದದ್ದು ಪೆಟ್ರೋಲ್ ಕಾರಿನಲ್ಲಿ ಅಲ್ಲ, ಬಿಡದಿಯ ಟೊಯೋಟಾ ಡೀಸೆಲ್‌ಗಳಲ್ಲಿ. 2000ದಲ್ಲಿ ಅಲ್ಲಿಂದ ಹೊರಬಂದ ಕ್ವಾಲಿಸ್‌ಗೆ 2,446 ಸಿಸಿಯ ಎನ್‌ಎ ಡೀಸೆಲ್ ಎಂಜಿನ್, 75 ಅಶ್ವಶಕ್ತಿ. ಕಾಲ್‌ಸೆಂಟರುಗಳ ಆ ಕಾಲದಲ್ಲಿ ರಾತ್ರಿಯ ಬೆಂಗಳೂರು ನಡೆಯುತ್ತಿದ್ದುದೇ ಇದರ ಮೇಲೆ. ಎಂಜಿನ್ ಗಟ್ಟಿ, ಚಾಲಕ ಹೇಗೆ ಬಳಸಿದರೂ ಸಹಿಸಿಕೊಳ್ಳುತ್ತಿತ್ತು. ಆದರೆ ಹತ್ತು ಜನ ಕೂತು ಘಾಟಿ ಹತ್ತಬೇಕೆಂದರೆ ಎರಡನೇ ಗೇರಿಗೆ ಇಳಿದು ನಿಧಾನವಾಗಿ ಸಾಗಬೇಕಾಗಿತ್ತು.

ಎನ್‌ಎ ಡೀಸೆಲ್ ಎತ್ತರಕ್ಕೆ ಹೋದಾಗ ಆಗುವುದನ್ನು ಕಣ್ಣಾರೆ ನೋಡಬಹುದು. ಹಳೆಯ ಯಾಂತ್ರಿಕ ಪಂಪು ಗಾಳಿ ಎಷ್ಟಿದೆ ಎಂದು ನೋಡದೆ ಡೀಸೆಲ್ ಚಿಮ್ಮುತ್ತದೆ. ಗಾಳಿ ಕಡಿಮೆಯಾದಾಗ ಉರಿಯದೆ ಉಳಿದ ಇಂಗಾಲ ಕಪ್ಪು ಹೊಗೆಯಾಗಿ ಹಿಂದೆ ಬರುತ್ತದೆ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೊ ಕಂಪನಿಯ ಪಂಪುಗಳು ದೇಶದ ಲಾರಿ, ಟ್ರ್ಯಾಕ್ಟರುಗಳಲ್ಲೆಲ್ಲ ಇದ್ದವು. ‘ಪಂಪ್ ಸೆಟ್ಟಿಂಗ್’ ಬಲ್ಲ ಮಿಸ್ತ್ರಿಗೆ ಊರೂರಿನಲ್ಲೂ ಮರ್ಯಾದೆ. ಪಿಕಪ್ ಬೇಕೆಂದು ಬಂದವರಿಗೆ ಅವನು ಸ್ಕ್ರೂ ಒಂದು ಸುತ್ತು ತಿರುಗಿಸಿ ಡೀಸೆಲ್ ಹೆಚ್ಚಿಸುತ್ತಿದ್ದ. ಪಿಕಪ್ ತುಸು ಹೆಚ್ಚುತ್ತಿತ್ತು, ಹೊಗೆ ಬಹಳ ಹೆಚ್ಚುತ್ತಿತ್ತು. ಗಾಳಿ ಕೊಡದೆ ಇಂಧನ ಮಾತ್ರ ಕೊಟ್ಟರೆ ಇಷ್ಟೇ ಆಗುವುದು.

2005ರಲ್ಲಿ ಕ್ವಾಲಿಸ್ ನಿಂತಿತು. ಅದೇ ಕಾರ್ಖಾನೆಯಿಂದ ಬಂದ ಇನ್ನೋವಾದ ಎಂಜಿನ್ 2,494 ಸಿಸಿ, ಗಾತ್ರದಲ್ಲಿ ಹೆಚ್ಚುಕಡಿಮೆ ಅಷ್ಟೇ. ಆದರೆ ಟರ್ಬೊ ಮತ್ತು ಕಾಮನ್‌ರೈಲ್ ಸೇರಿ 102 ಪಿಎಸ್, 200 ನ್ಯೂಟನ್ ಮೀಟರ್. ಕ್ವಾಲಿಸ್ ಹೋಯಿತೆಂದು ಬೇಸರಪಟ್ಟ ಟ್ಯಾಕ್ಸಿ ಮಾಲೀಕರು ಒಂದು ಸಲ ಶಿರಾಡಿ ಘಾಟಿ ಹತ್ತಿ ಬಂದ ಮೇಲೆ ಸುಮ್ಮನಾದರು. 2016ರ ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಡೀಸೆಲ್ 150 ಪಿಎಸ್, 343 ನ್ಯೂಟನ್ ಮೀಟರಿಗೆ ಏರಿತು. ಆ ಎಂಜಿನ್ ತಯಾರಾದದ್ದು ಆನೇಕಲ್ ಬಳಿಯ ಜಿಗಣಿಯಲ್ಲಿ. ಡೀಸೆಲ್ ಮಟ್ಟಿಗೆ ಟರ್ಬೊ ಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಎನ್‌ಎ ಎಂಜಿನ್ ಕಟ್ಟಿಸುವುದು

ಪೆಟ್ರೋಲ್ ಎಂಜಿನ್ನಿನಲ್ಲಿ ಆ ಪ್ರಶ್ನೆ ಇನ್ನೂ ಜೀವಂತ. ಬೆಂಗಳೂರಿನಲ್ಲಿ ಎಂಜಿನ್ ಕಟ್ಟುವ ಕೆಲಸ ಒಂದೇ ಸೂರಿನಡಿ ನಡೆಯುವುದು ಅಪರೂಪ: ಬಿಡಿಭಾಗ ಜೆ.ಸಿ. ರಸ್ತೆಯಲ್ಲಿ, ಹಳೆಯ ಹೆಡ್ಡು ಶಿವಾಜಿನಗರದ ಗುಜರಿಯಲ್ಲಿ, ಬೋರಿಂಗ್ ಮತ್ತು ಕ್ರ್ಯಾಂಕ್ ಗ್ರೈಂಡಿಂಗ್ ಪೀಣ್ಯದ ಲೇತ್ ಅಂಗಡಿಯಲ್ಲಿ, ಜೋಡಣೆ ಇನ್ನೆಲ್ಲೋ. ಹೆಚ್ಚಾಗಿ ಇದಕ್ಕೆ ಸಿಗುವುದು ಮಾರುತಿ ಎಸ್ಟೀಮ್, ಜಿಪ್ಸಿಗಳ 1.3 ಲೀಟರ್ ಜಿ ಸರಣಿಯ ಎಂಜಿನ್, ಹಳೆಯ ಹೋಂಡಾ ಸಿಟಿಯ 1.5 ವಿಟೆಕ್, ಪಾಲಿಯೊ 1.6.

ಎನ್‌ಎ ಎಂಜಿನ್ ಕಟ್ಟುವ ತತ್ವ ಸರಳ. ವಾತಾವರಣ ಕೊಡುವ ಗಾಳಿಯಷ್ಟೇ ಸಿಗುವುದರಿಂದ ಅದು ಒಳಗೆ ಬರುವ ದಾರಿಯ ತಡೆಗಳನ್ನು ತೆಗೆಯಬೇಕು, ಬಂದದ್ದನ್ನು ಹೆಚ್ಚು ಒತ್ತಿ ಉರಿಸಬೇಕು, ನಿಮಿಷಕ್ಕೆ ಹೆಚ್ಚು ಸಲ ಉರಿಸಬೇಕು. ಪೋರ್ಟುಗಳನ್ನು ಉಜ್ಜಿ ನಯಮಾಡುವುದು, ಸಮಾನ ಉದ್ದದ ಕೊಳವೆಗಳ ಹೆಡರ್, ಹೆಚ್ಚು ಹೊತ್ತು ವಾಲ್ವ್ ತೆರೆದಿಡುವ ಕ್ಯಾಮ್‌ಶಾಫ್ಟ್, ಎತ್ತರದ ಪಿಸ್ಟನ್, ಕೊನೆಗೆ ಎಂಜಿನ್ ಕಂಪ್ಯೂಟರಿನ ಹೊಸ ಮ್ಯಾಪಿಂಗ್. ಪ್ರತಿಯೊಂದೂ ಕೊಡುವುದು ಚೂರು ಚೂರು. ಕಂಪ್ರೆಷನ್ ಅನುಪಾತವನ್ನು 9.5ರಿಂದ 11ಕ್ಕೆ ಏರಿಸಿದರೆ ಪುಸ್ತಕದ ಲೆಕ್ಕದಲ್ಲೇ ದಕ್ಷತೆ ಹೆಚ್ಚುವುದು ನೂರಕ್ಕೆ ನಾಲ್ಕರಷ್ಟು. ಅದನ್ನು ಬರೀ ಹೆಡ್ ಸ್ಕಿಮ್ ಮಾಡಿಸಿ ಸಾಧಿಸುವುದೂ ಆಗದ ಮಾತು: 74 ಮಿಲಿಮೀಟರ್ ಬೋರ್, 75.5 ಮಿಲಿಮೀಟರ್ ಸ್ಟ್ರೋಕಿನ ಎಸ್ಟೀಮ್ ಎಂಜಿನ್ನಿನ ಹೆಡ್ಡಿನಿಂದ ಕನಿಷ್ಠ 1.3 ಮಿಲಿಮೀಟರ್ ಕೆರೆಯಬೇಕಾಗುತ್ತದೆ, ಅಷ್ಟರಲ್ಲಿ ವಾಲ್ವ್ ಬಂದು ಪಿಸ್ಟನ್ನಿಗೆ ತಾಗುವ ಭಯ, ಟೈಮಿಂಗೂ ಸರಿಯುತ್ತದೆ.

ಹೀಗೆ ಕಟ್ಟಿದ ಎಂಜಿನ್ ಕೆಳಗಿನ ಸುತ್ತುಗಳಲ್ಲಿ ಮೊದಲಿಗಿಂತ ಮಂಕಾಗುವುದೂ ಉಂಟು, ಏಕೆಂದರೆ ದೊಡ್ಡ ಕ್ಯಾಮು 5,000 ಸುತ್ತಿನ ಮೇಲೆ ಮಾತ್ರ ಚುರುಕು. ಆದರೂ ಎನ್‌ಎ ಹಿಡಿದವರು ಅದನ್ನು ಬಿಡದಿರುವುದಕ್ಕೆ ಕಾರಣವಿದೆ. ಕಾಲಿನ ಒತ್ತಡಕ್ಕೂ ಎಂಜಿನ್ನಿನ ಉತ್ತರಕ್ಕೂ ನಡುವೆ ಕಾಯುವಿಕೆ ಇಲ್ಲ, ತಪ್ಪಾದರೂ ಎಂಜಿನ್ ಒಡೆಯುವುದು ಕಡಿಮೆ, ಸದ್ದು ಕಿವಿಗೆ ಹಿತ.

ಬೆಂಗಳೂರು ಎನ್‌ಎ ಕಟ್ಟುವವರಿಗೆ ಒಂದು ಅನುಕೂಲವನ್ನೂ ಕೊಡುತ್ತದೆ. ಗಾಳಿ ತೆಳುವಾದುದರಿಂದ ಸಿಲಿಂಡರಿನ ಒತ್ತಡ ಕಡಿಮೆ, ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವುದು) ಕಡಿಮೆ. ಆದ್ದರಿಂದ ಅದೇ ಪೆಟ್ರೋಲಿನಲ್ಲಿ ಇನ್ನೂ ಹೆಚ್ಚಿನ ಕಂಪ್ರೆಷನ್, ಇನ್ನೂ ಮುಂಚಿನ ಇಗ್ನಿಷನ್ ಟೈಮಿಂಗ್ ಸಹಿಸುತ್ತದೆ. ಅಪಾಯ ಇರುವುದೂ ಇಲ್ಲೇ. ಯಲಹಂಕದಲ್ಲಿ ಅಂಚಿನವರೆಗೆ ಬಿಗಿದು ಟ್ಯೂನ್ ಮಾಡಿದ ಹಳೆಯ ಕಾರು ಘಾಟಿ ಇಳಿದು ಉಪ್ಪಿನಂಗಡಿ ದಾಟಿ ಮಂಗಳೂರು ಸೇರುವಷ್ಟರಲ್ಲಿ ಹತ್ತು ಪ್ರತಿಶತ ಹೆಚ್ಚು ಗಾಳಿ ಕುಡಿಯುತ್ತದೆ. ನಾಕ್ ಸೆನ್ಸರ್ ಇರುವ ಕಾರು ಟೈಮಿಂಗನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರ್ ಕಾಲದ ಎಂಜಿನ್ ಟಿಣ್ ಟಿಣ್ ಎನ್ನುತ್ತ ಪಿಸ್ಟನ್ ತಿನ್ನತೊಡಗುತ್ತದೆ. ಕರಾವಳಿಗೆ ಹೋಗಿಬರುವ ಕಾರನ್ನು ಕರಾವಳಿಯ ಗಾಳಿಗೇ ಟ್ಯೂನ್ ಮಾಡಿಸಬೇಕು. ಬೆಂಗಳೂರಿನಲ್ಲಿ ಆಗ ಕೈಬಿಡುವ ಒಂದೆರಡು ಅಶ್ವಶಕ್ತಿಗೆ ಚಿಂತಿಸಬೇಕಿಲ್ಲ.

ಎನ್‌ಎ ಎಂಜಿನ್ನಿಗೆ ಟರ್ಬೊ ಹಾಕಿಸುವುದು

ಟರ್ಬೊ ಕಿಟ್ಟು ತರಿಸಿ ಬೋಲ್ಟ್ ಮಾಡಿದರೆ ಮುಗಿಯಿತು ಎಂಬ ನಂಬಿಕೆಯೇ ಅತಿ ಹೆಚ್ಚು ಎಂಜಿನ್ನುಗಳನ್ನು ಬಲಿ ತೆಗೆದುಕೊಂಡಿದೆ. ಟರ್ಬೊ ಗಾಳಿಯ ಜೊತೆ ಬಿಸಿಯನ್ನೂ ಕೊಡುತ್ತದೆ. 30 ಡಿಗ್ರಿಯ ಗಾಳಿಯನ್ನು 160 ಕಿಲೋಪಾಸ್ಕಲ್‌ಗೆ ಒತ್ತಬೇಕೆಂದುಕೊಳ್ಳಿ; ಕಡಲ ತೀರದಲ್ಲಿ ಇದು ಸುಮಾರು 0.6 ಬಾರ್ ಬೂಸ್ಟ್. ಕಂಪ್ರೆಸರಿನ ದಕ್ಷತೆ 70 ಪ್ರತಿಶತ ಎಂದಿಟ್ಟುಕೊಂಡರೆ ಮಂಗಳೂರಿನಲ್ಲಿ ಗಾಳಿ ಹೊರಬೀಳುವುದು ಸುಮಾರು 90 ಡಿಗ್ರಿಗೆ. ಪುಟ್ಟೇನಹಳ್ಳಿಯಲ್ಲಿ ಅದೇ 160 ತಲುಪಲು 91ರಿಂದ ಶುರುಮಾಡಬೇಕಾದುದರಿಂದ ಹೊರಬೀಳುವ ಗಾಳಿ 106 ಡಿಗ್ರಿ. ಎತ್ತರದ ನಷ್ಟವನ್ನು ಟರ್ಬೊ ತುಂಬಿಕೊಡುತ್ತದೆ ಎಂಬ ಮಾತಿನ ಬೆಲೆ ಈ 16 ಡಿಗ್ರಿ. ಇಂಟರ್‌ಕೂಲರ್ ಗಾಳಿ ಬೀಸುವ ಹೆದ್ದಾರಿಯಲ್ಲಿ ಇದನ್ನು ಇಳಿಸುತ್ತದೆ. ಹೆಬ್ಬಾಳದ ಮೇಲ್ಸೇತುವೆ ಏರುವ ಮುನ್ನ ಕಾಲು ಗಂಟೆ ನಿಂತರೆ ಇಂಟರ್‌ಕೂಲರೇ ಕಾದಿರುತ್ತದೆ.

ಅಗ್ಗದ ಕಿಟ್ಟುಗಳ ವೇಸ್ಟ್‌ಗೇಟಿಗೆ ಬರೀ ಸ್ಪ್ರಿಂಗ್ ಇರುತ್ತದೆ. ಅದು ಹೊರಗಿನ ಗಾಳಿಗೆ ಹೋಲಿಸಿ ಬೂಸ್ಟ್ ಅಳೆಯುವುದರಿಂದ 0.6 ಬಾರ್ ಎಂದರೆ ಮಂಗಳೂರಿನಲ್ಲಿ 161, ಇಲ್ಲಿ 151 ಕಿಲೋಪಾಸ್ಕಲ್. ಎತ್ತರಕ್ಕೆ ಹೊಂದಿಕೊಳ್ಳುವ ಗುಣ ಇರುವುದು ಪೂರ್ಣ ಒತ್ತಡ ಅಳೆದು ನಿಯಂತ್ರಿಸುವ ಕಂಪ್ಯೂಟರಿನಲ್ಲಿ, ಟರ್ಬೊ ಎಂಬ ಲೋಹದಲ್ಲಿ ಅಲ್ಲ.

ಎಂಜಿನ್ ಎಲ್ಲಿ ಸೋಲುತ್ತದೆ ಎಂಬುದನ್ನು ಒಂದು ಸಣ್ಣ ಅಳತೆಯಲ್ಲಿ ತೋರಿಸಬಹುದು. ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವೆ ಒಂದು ಸಂದು ಇರುತ್ತದೆ. 74 ಮಿಲಿಮೀಟರ್ ಬೋರಿನ ಎನ್‌ಎ ಎಂಜಿನ್ನಿಗೆ ರೂಢಿಯ ಲೆಕ್ಕದಲ್ಲಿ ಅದು 0.30 ಮಿಲಿಮೀಟರಿನಷ್ಟು. ಬೂಸ್ಟಿನ ಬಿಸಿಗೆ ರಿಂಗು ಇನ್ನೂ ಹಿಗ್ಗುವುದರಿಂದ ಟರ್ಬೊಗೆ 0.44ರ ಸುಮಾರು ಬಿಡುತ್ತಾರೆ. ಫೀಲರ್ ಗೇಜಿನ ಒಂದು ಎಲೆಯಷ್ಟು ವ್ಯತ್ಯಾಸ ಅದು. ಬಿಡದಿದ್ದರೆ ತುದಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ರಿಂಗು ಸಿಲಿಂಡರಿನ ಗೋಡೆಯನ್ನು ಗೀರುತ್ತದೆ, ಪಿಸ್ಟನ್ನಿನ ಅಂಚು ಮುರಿಯುತ್ತದೆ. ನಾಕಿಂಗ್ ಶುರುವಾಗಿದೆಯೇ ಎಂದು ತಿಳಿಯಲು ಅನುಭವಿ ಮಿಸ್ತ್ರಿಗಳು ಸ್ಪಾರ್ಕ್ ಪ್ಲಗ್ ಬಿಚ್ಚಿ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಅಲ್ಲಿ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆಗಳು, ಅವುಗಳ ನಡುವೆ ಹೊಳೆಯುವ ಕಣಗಳು ಕಂಡರೆ ಅದು ಪಿಸ್ಟನ್ನಿನಿಂದ ಕಿತ್ತುಬಂದ ಅಲ್ಯೂಮಿನಿಯಂ.

ಆದ್ದರಿಂದ ಗಂಭೀರವಾಗಿ ಟರ್ಬೊ ಎಂಜಿನ್ ಕಟ್ಟಿಸುವವರ ಪಟ್ಟಿ ಉದ್ದವಾಗುತ್ತದೆ: ಫೋರ್ಜ್ ಮಾಡಿದ ಪಿಸ್ಟನ್, ಇಳಿಸಿದ ಕಂಪ್ರೆಷನ್, ಗಟ್ಟಿ ಹೆಡ್ ಸ್ಟಡ್, ಲೋಹದ ಹೆಡ್ ಗ್ಯಾಸ್ಕೆಟ್, ದೊಡ್ಡ ಇಂಜೆಕ್ಟರ್ ಮತ್ತು ಪಂಪ್, ಆಯಿಲ್ ಕೂಲರ್, ಕ್ಲಚ್, ಬ್ರೇಕ್. ಇದರಲ್ಲಿ ಟರ್ಬೊದ ಬೆಲೆ ಸಣ್ಣ ಪಾಲು. ಒಳಗಿನ ಭಾಗ ಬದಲಿಸದೆ 0.3–0.4 ಬಾರ್‌ಗೆ ನಿಲ್ಲಿಸುವವರೂ ಇದ್ದಾರೆ. ಮ್ಯಾಪಿಂಗ್ ಮಾಡಿದವನು ಎಚ್ಚರದವನಾಗಿದ್ದರೆ ಅದು ಬಾಳುತ್ತದೆ. ಟರ್ಬೊ ಇಟ್ಟುಕೊಂಡೇ ಬಂದ ಕಾರಿನ ರೀಮ್ಯಾಪ್ ಇದಕ್ಕಿಂತ ಬಹಳ ಸುಲಭ; ಹೆಚ್ಚು ಶಕ್ತಿಯೇ ಬೇಕಾದವರು ಹಳೆಯ ಎನ್‌ಎ ಕಾರಿಗೆ ಟರ್ಬೊ ಹಾಕಿಸುವ ಬದಲು ಟರ್ಬೊ ಕಾರನ್ನೇ ಕೊಳ್ಳುವುದು ವಿವೇಕ. ಹಾಗೆಂದು ಹೇಳಿದರೆ ಕೇಳುವವರು ಈ ಹವ್ಯಾಸಕ್ಕೆ ಇಳಿಯುವುದೂ ಇಲ್ಲ.

ದಿನಬಳಕೆಯಲ್ಲಿ ಟರ್ಬೊ ಬೇಡುವುದು ಆಯಿಲ್ ಶಿಸ್ತು. ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗಬಲ್ಲ ದಂಡವನ್ನು ಹಿಡಿದಿಡುವುದು ತೆಳುವಾದ ಆಯಿಲ್ ಪದರ. ನಂದಿ ಬೆಟ್ಟವನ್ನು ಜೋರಾಗಿ ಹತ್ತಿ ಮೇಲೆ ತಟ್ಟನೆ ಎಂಜಿನ್ ಆರಿಸಿದರೆ ಕಾದ ಬೇರಿಂಗಿನಲ್ಲಿ ಆಯಿಲ್ ಸುಟ್ಟು ಕರಿಯಾಗುತ್ತದೆ. ನೀರಿನಿಂದ ತಣಿಯುವ ಹೊಸ ಟರ್ಬೊಗಳಲ್ಲಿ ಇದು ಕಡಿಮೆ, ಆದರೂ ಒಂದು ನಿಮಿಷ ಐಡಲ್‌ನಲ್ಲಿ ಬಿಡುವುದು ಒಳ್ಳೆಯದು.

ಪೆಟ್ರೋಲು

ಎರಡೂ ಬಗೆಯ ಎಂಜಿನ್ ಕಟ್ಟುವಿಕೆಗೆ ಮಿತಿ ಪೆಟ್ರೋಲಿನ ಆಕ್ಟೇನ್. ಬಂಕಿನ ಸಾಧಾರಣ ಪೆಟ್ರೋಲು ಬಹುಕಾಲ 91ರದು. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ 100 ಆಕ್ಟೇನಿನ ಎಕ್ಸ್‌ಪಿ100 ತಂದಿತು. ಬೆಲೆ ನೋಡಿದರೆ ಅದು ರೇಸಿನ ದಿನಕ್ಕೆ ಸರಿ, ಕಚೇರಿಗೆ ಹೋಗಿಬರಲು ಅಲ್ಲ. 20 ಪ್ರತಿಶತ ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ, ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಬಿಡುಗಡೆ ಮಾಡಿದರು. ಎಥೆನಾಲಿನ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಗಾಳಿಯನ್ನು ತಣಿಸುವ ಗುಣವೂ ಹೆಚ್ಚು. ಎರಡೂ ಟರ್ಬೊಗೆ ಬೇಕಾದವೇ. ಆದರೆ ಅದರಲ್ಲಿ ಶಕ್ತಿ ಕಡಿಮೆ ಇರುವುದರಿಂದ ಹೆಚ್ಚು ಇಂಧನ ಚಿಮ್ಮಬೇಕು. ಕಾರ್ಬ್ಯುರೇಟರಿನ ಹಳೆಯ ಎನ್‌ಎ ಎಂಜಿನ್ ಇದನ್ನು ಅರಿಯದೆ ಬಡಕಲು ಮಿಶ್ರಣದಲ್ಲಿ ಓಡಿ ಕಾಯುತ್ತದೆ. ಜೆಟ್ ಬದಲಿಸಬೇಕು, ರಬ್ಬರ್ ಪೈಪುಗಳನ್ನೂ ನೋಡಿಕೊಳ್ಳಬೇಕು.

ಡೈನೊ ಚೀಟಿಯನ್ನು ಓದುವುದು

ಎಂಜಿನ್ ಕಟ್ಟಿಸಿದವರು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಕಾರು ಹತ್ತಿಸಿ ಅಂಕಿ ಇರುವ ಚೀಟಿ ಹಿಡಿದು ಬರುತ್ತಾರೆ. ಆ ಅಂಕಿ ಅಳೆದದ್ದೇ ಆಗಿರಬೇಕೆಂದಿಲ್ಲ. ಯಂತ್ರ ಸ್ಥಳದ ಒತ್ತಡ, ಉಷ್ಣತೆಗಳನ್ನು ಲೆಕ್ಕಹಾಕಿ ‘ಕಡಲ ತೀರದಲ್ಲಾಗಿದ್ದರೆ ಇಷ್ಟು’ ಎಂದು ತಿದ್ದಿ ತೋರಿಸುತ್ತದೆ. ಬೆಂಗಳೂರಿನಲ್ಲಿ ಈ ತಿದ್ದುಪಡಿ ಹತ್ತು ಪ್ರತಿಶತಕ್ಕೂ ಮೇಲೆ ಹೋಗುತ್ತದೆ. ಎನ್‌ಎ ಎಂಜಿನ್ನಿಗೆ ಅದು ನ್ಯಾಯ, ಏಕೆಂದರೆ ಅದು ನಿಜವಾಗಿಯೂ ಅಷ್ಟನ್ನು ಕಳೆದುಕೊಂಡಿದೆ. ತನ್ನ ಬೂಸ್ಟನ್ನು ತಾನೇ ಸರಿಪಡಿಸಿಕೊಂಡ ಟರ್ಬೊ ಕಾರು ಹೆಚ್ಚೇನನ್ನೂ ಕಳೆದುಕೊಂಡಿಲ್ಲ. ಅದಕ್ಕೂ ಅದೇ ಗುಣಕ ಹಾಕಿದರೆ 150ರ ಕಾರು ಚೀಟಿಯಲ್ಲಿ 165 ದಾಟುತ್ತದೆ. ಈ ನಗರದ ಟರ್ಬೊ ಅಂಕಿಗಳಲ್ಲಿ ಎಷ್ಟೋ ಹೀಗೆ ಹುಟ್ಟಿದವು. ಚೀಟಿ ನೋಡುವಾಗ ತಿದ್ದದ ಅಂಕಿ ಯಾವುದು ಎಂದು ಕೇಳಬೇಕು, ರೀಮ್ಯಾಪಿಗೆ ಮುಂಚಿನ ಮತ್ತು ನಂತರದ ಚೀಟಿಗಳು ಒಂದೇ ಯಂತ್ರದ್ದೇ ಎಂದೂ ಕೇಳಬೇಕು.

ಸ್ಪರ್ಧೆ

ಸ್ಪರ್ಧೆಗೆ ಇಳಿಯುವವರಿಗೆ ಆಯ್ಕೆಯನ್ನು ನಿಯಮ ಪುಸ್ತಕವೇ ಮಾಡಿಕೊಡುತ್ತದೆ. ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟದ (ಎಫ್‌ಐಎ) ನಿಯಮದಂತೆ ಟರ್ಬೊ ಪೆಟ್ರೋಲ್ ಎಂಜಿನ್ನಿನ ಸಿಸಿಯನ್ನು 1.7ರಿಂದ ಗುಣಿಸಿ ದರ್ಜೆ ನಿರ್ಧರಿಸುತ್ತಾರೆ. ಪೋಲೊದ 1,197 ಸಿಸಿ ಟರ್ಬೊ ಹೀಗೆ 2,035 ಆಗಿ 2 ಲೀಟರಿನ ಗೆರೆಯನ್ನು ಚೂರು ದಾಟಿಬಿಡುತ್ತದೆ. 999 ಸಿಸಿಯದು 1,698ಕ್ಕೆ ನಿಲ್ಲುತ್ತದೆ. ಭಾರತದ ರ‍್ಯಾಲಿಗಳಲ್ಲಿ ಬಹಳ ವರ್ಷ ಮೆರೆದದ್ದು ಮಿತ್ಸುಬಿಷಿ ಸೀಡಿಯಾದ 2 ಲೀಟರ್ ಎನ್‌ಎ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯಾಗಲಿ ಚಿಕ್ಕಮಗಳೂರಿನ ಕಾಫಿ ತೋಟದ ಹಾದಿಗಳಾಗಲಿ, ಜಲ್ಲಿಯ ತಿರುವಿನಲ್ಲಿ ಬೇಕಾಗುವುದು ಕಾಲಿಗೆ ತಕ್ಷಣ ಮಾರುತ್ತರ ಕೊಡುವ ಎಂಜಿನ್.

ಕುತೂಹಲದ ಇನ್ನೊಂದು ಉದಾಹರಣೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಫಾರ್ಮುಲಾ ಸ್ಟೂಡೆಂಟ್. ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ಇದರಲ್ಲಿದೆ. ಪೆಟ್ರೋಲ್ ಕಾರಿನ ಗಾಳಿಯೆಲ್ಲ 20 ಮಿಲಿಮೀಟರಿನ ಒಂದು ಕಿಂಡಿಯಿಂದಲೇ ಬರಬೇಕು. ಟರ್ಬೊ ಇದ್ದರೆ ಕಿಂಡಿ ಕಂಪ್ರೆಸರಿಗಿಂತ ಮುಂಚೆ. ಕಿಂಡಿಯಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಎಷ್ಟು ಎಳೆದರೂ ಹೆಚ್ಚು ಬರುವುದಿಲ್ಲ: ಕಡಲ ತೀರದಲ್ಲಿ ಸೆಕೆಂಡಿಗೆ ಸುಮಾರು 74 ಗ್ರಾಂ, ಬೆಂಗಳೂರಿನಲ್ಲಿ 66. ಎತ್ತರದ ನಷ್ಟವನ್ನು ಟರ್ಬೊ ಕೂಡ ತುಂಬಿಕೊಳ್ಳಲಾರದ ಸಂದರ್ಭ ಇದು.

ಕಾನೂನು

ರಸ್ತೆಯ ಕಾರಿನ ಎಂಜಿನ್ ಬದಲಾವಣೆ ಮೋಟಾರು ವಾಹನ ಕಾಯಿದೆಯ 52ನೇ ವಿಧಿಗೆ ಒಳಪಟ್ಟದ್ದು. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ವಿಧಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಯಲಹಂಕದ ಕೆಎ-50 ಆಗಲಿ ಯಶವಂತಪುರದ ಕೆಎ-04 ಆಗಲಿ, ಕಾರಿನ ಸಂಖ್ಯೆ ಯಾವುದಿದ್ದರೂ ನಿಯಮ ಒಂದೇ. ಬದಲಾವಣೆ ಮುಚ್ಚಿಟ್ಟರೆ ವಿಮೆಯ ಹಣಕ್ಕೂ ಕುತ್ತು. ಹೊರಗಿನಿಂದ ಕಾಣದ ಕ್ಯಾಮ್‌ಶಾಫ್ಟನ್ನು ಯಾರೂ ಹಿಡಿಯಲಿಕ್ಕಿಲ್ಲ. ಬಾನೆಟ್ ಎತ್ತಿದರೆ ಕಣ್ಣಿಗೆ ಹೊಡೆಯುವ ಟರ್ಬೊವನ್ನು ಬಚ್ಚಿಡಲಾಗದು. ಅಂಥ ಕಾರಿನ ನಿಜವಾದ ಜಾಗ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇ ಟ್ರ್ಯಾಕು, ಅಲ್ಲಿಗೆ ಲಾರಿಯ ಮೇಲೆ ಒಯ್ಯಬೇಕು.

ಈಚಿನ ತಿರುವು

ಟರ್ಬೊ ಪೂರ್ತಿ ಗೆದ್ದಿತು ಎನ್ನುವಷ್ಟರಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯೇ ಮತ್ತೆ ಎನ್‌ಎ ಕಡೆ ತಿರುಗಿದೆ. 2022ರಲ್ಲಿ ಅಲ್ಲಿಂದ ಬಂದ ಅರ್ಬನ್ ಕ್ರೂಸರ್ ಹೈರೈಡರ್‌ನ ಹೈಬ್ರಿಡ್‌ನಲ್ಲಿ ಮೂರು ಸಿಲಿಂಡರಿನ 1.5 ಲೀಟರ್ ಎನ್‌ಎ ಎಂಜಿನ್ನಿದೆ. ಮೋಟರ್ ಸೇರಿ ಒಟ್ಟು 116 ಪಿಎಸ್. ಅದೇ ವರ್ಷ ಪ್ರಕಟವಾದ ಇನ್ನೋವಾ ಹೈಕ್ರಾಸ್‌ನಲ್ಲಿ 2 ಲೀಟರ್ ಎನ್‌ಎ ಪೆಟ್ರೋಲ್, ಮೋಟರ್ ಸೇರಿ 186 ಪಿಎಸ್. ಕೆಳಗಿನ ಸುತ್ತುಗಳಲ್ಲಿ ಎನ್‌ಎ ಸೊರಗುವ ಜಾಗವನ್ನು ಇಲ್ಲಿ ತುಂಬುವುದು ಟರ್ಬೈನ್ ಅಲ್ಲ, ವಿದ್ಯುತ್ತು. ಹೈಕ್ರಾಸ್ ನಂದಿ ಹತ್ತುವಾಗ ಎಂಜಿನ್ನಿನ ಪಾಲು ಮೇಲೆ ಹೇಳಿದ ಲೆಕ್ಕದಂತೆಯೇ ಇಳಿಯುತ್ತದೆ. ಮೋಟರಿನ ಪಾಲಿಗೆ ಗಾಳಿಯ ಹಂಗಿಲ್ಲ, ಬ್ಯಾಟರಿಯಲ್ಲಿ ಚಾರ್ಜ್ ಇರುವವರೆಗೆ.